ಒಳಗಣ ಪರೀಕ್ಷೆ

ಹೆಂಗಸರ ಶರೀರಬಾಧೆಗಳನ್ನು ಕುರಿತು ಗಂಡಸೊಬ್ಬನು ಬರೆಯಹೊರಡುವುದು ಉಚಿತವೇ ಎಂದು ವಾಚಕರು ಕೇಳಬಹುದು. ನಾನೂ ಕೇಳಿಕೊಂಡೆನು. ಆದರೆ ಈ ಮಾಸಪತ್ರಿಕೆಯು ಮನೆಮಂದಿಯೆಲ್ಲ ಓದತಕ್ಕದ್ದು. ಉಪ್ಪಿನಕಾಯಿಯ ಉಪ್ಪಿನಿಂದ ಮೊದಲ್ಗೊಂಡು ಮಕ್ಕಳ ಮದುವೆಯವರೆಗೆ ಸಮಸ್ತವನ್ನೂ ಕೂಡಿ ಆಲೋಚಿಸುವ ದಂಪತಿಗಳು, ಈ ಒಂದು ವಿಷಯ ಬಂದೊಡನೆ, ಒಬ್ಬರು ಅಡಿಗೆಮನೆಗೂ ಮತ್ತೊಬ್ಬರು ಜಗುಲಿಗೂ ಎದ್ದುಹೋಗುವುದನ್ನು ಬಹಳ ಮನೆಗಳಲ್ಲಿ ಕಂಡಿದ್ದೇನೆ. ಆದಕಾರಣ ಬರೆಯುತ್ತಿದ್ದೇನೆ. ನನ್ನ ಸಹಧರ್ಮಿಣಿಯು ಈ ಬರಹವನ್ನು ಓದಿ, ಎರಡು ವಾಕ್ಯಗಳನ್ನು ಹೊಡೆದುಹಾಕಿ, ಉಳಿದುದನ್ನು ಅಚ್ಚಿಗೆ ಕಳುಹಿಸಬಹುದೆಂದು ಅನುಮತಿ ಕೊಟ್ಟಿದ್ದಾಳೆ. ಹೊಡೆದುಹಾಕಿದ ವಾಕ್ಯಗಳು ಚೆನ್ನಾಗಿಯೇ ಇದ್ದುವೆಂದು ನನಗೆ ಈಗಲೂ ತೋರುತ್ತದೆ. ಆದರೆ ಶರೀರ ಆಕೆಯದು.

ನಾನು ನಿವೃತ್ತ ಉಪಾಧ್ಯಾಯ. ಮೂವತ್ತನಾಲ್ಕು ವರ್ಷ ಹುಡುಗರಿಗೆ ಸಂಸ್ಕೃತವನ್ನೂ ಕನ್ನಡವನ್ನೂ ಹೇಳಿಕೊಟ್ಟು, ಈಗ ಸಾಗರದ ಸೀಮೆಯ ನಮ್ಮ ಹಳ್ಳಿಯಲ್ಲಿ ನೆಲೆಸಿದ್ದೇನೆ. ೨೦೨೪ರ ಫೆಬ್ರವರಿಯಲ್ಲಿ ನನ್ನ ಮನೆಯಾಕೆಗೆ ಐವತ್ತೇಳು ನಡೆಯುತ್ತಿದ್ದಿತು. ಮುಟ್ಟು ನಿಂತು ಆರು ವರ್ಷಗಳಾಗಿದ್ದುವು. ಆಗ ಒಂದು ಬೆಳಿಗ್ಗೆ ಬಟ್ಟೆಯಲ್ಲಿ ರಕ್ತದ ಕಲೆ ಕಂಡಿತು. ಎರಡು ದಿನವಿದ್ದು ನಿಂತಿತು. ಹತ್ತು ದಿನಗಳ ಮೇಲೆ ಮತ್ತೆ ಕಂಡಿತು. ಆಕೆಯು ಮೂರು ವಾರ ಯಾರಿಗೂ ಹೇಳಲಿಲ್ಲ. ‘ಉಷ್ಣವಾಗಿದೆ’ ಎಂದು ತಾನೇ ನಿರ್ಣಯಿಸಿಕೊಂಡು ಕೊತ್ತಂಬರಿ ಬೀಜದ ಕಷಾಯವನ್ನೂ ಎಳನೀರನ್ನೂ ಕುಡಿಯುತ್ತಿದ್ದಳು. ನಮ್ಮ ನಾಡಿನಲ್ಲಿ ಉಷ್ಣವೆಂಬ ಒಂದು ಮಾತು ಎಷ್ಟು ರೋಗಗಳ ಹೆಸರನ್ನು ಮುಚ್ಚಿಟ್ಟಿದೆಯೋ ಲೆಕ್ಕವಿಟ್ಟವರಿಲ್ಲ. ಕಡೆಗೆ ಆಕೆ ತನ್ನ ತಂಗಿಗೆ ಹೇಳಿದಳು. ತಂಗಿಯು ಅಂದಿನ ಸಂಜೆಯೇ ನನಗೆ ಹೇಳಿದಳು.

ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ, ಸ್ತ್ರೀಯರ ಆರ್ತವವು ಹನ್ನೆರಡನೆಯ ವಯಸ್ಸಿಗೆ ಮೊದಲಾಗಿ, ಐವತ್ತರ ಸುಮಾರಿಗೆ ಶರೀರವು ಮುಪ್ಪಿಗೆ ತಿರುಗಿದಾಗ ನಿಲ್ಲುತ್ತದೆಂದು ಹೇಳಿದೆ. ಬತ್ತಿದ ಹಳ್ಳದಲ್ಲಿ ಅಕಾಲದಲ್ಲಿ ಕೆಂಪುನೀರು ಕಂಡರೆ, ಮೇಲೆ ಗುಡ್ಡದಲ್ಲಿ ಏನೋ ಆಗಿದೆಯೆಂಬುದು ಮಲೆನಾಡಿನವರಿಗೆ ತಿಳಿಯದ ಸಂಗತಿಯಲ್ಲ. ಮರುದಿನವೇ ಸಾಗರದ ಲೇಡಿ ಡಾಕ್ಟರೊಬ್ಬರ ಬಳಿಗೆ ಹೋದೆವು.

ಆಕೆ ಮಾತಿನಲ್ಲಿ ಮಿತವುಳ್ಳವರು. “ಮುಟ್ಟು ನಿಂತು ಹನ್ನೆರಡು ತಿಂಗಳು ಕಳೆದ ಮೇಲೆ ಒಂದು ಹನಿ ಕಂಡರೂ ಕಾರಣ ನೋಡಲೇಬೇಕು, ಅಮ್ಮ. ಬಹುಪಾಲು ಅದು ವಯಸ್ಸಿನಿಂದ ಒಳಗಿನ ಪದರಗಳು ತೆಳುವಾಗಿ ಒಣಗುವುದರಿಂದ ಆಗುತ್ತದೆ. ಕೆಲವರಲ್ಲಿ ಸಣ್ಣದೊಂದು ಮಾಂಸದ ಬೆಳೆ ಇರುತ್ತದೆ. ಹೀಗೆ ರಕ್ತ ಕಂಡವರಲ್ಲಿ ನೂರಕ್ಕೆ ಸುಮಾರು ಒಂಬತ್ತು ಮಂದಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಇರುತ್ತದೆ. ಬೇಗ ಗೊತ್ತಾದರೆ ಅದೂ ಹೆಚ್ಚಿನವರಲ್ಲಿ ವಾಸಿಯಾಗುವಂಥದು” ಎಂದರು. ಮನೆಗೆ ಬರುವಷ್ಟರಲ್ಲಿ ಆ ತೊಂಬತ್ತೊಂದು ದಾರಿಯಲ್ಲಿ ಎಲ್ಲಿಯೋ ಬಿದ್ದುಹೋಗಿ, ಒಂಬತ್ತು ಮಾತ್ರ ನಮ್ಮೊಡನೆ ಒಳಗೆ ಬಂದಿತು.

ಮೊದಲು ಹೊಟ್ಟೆಯ ಮೇಲಿನಿಂದ ಸ್ಕ್ಯಾನ್ ಆಗಲಿ ಎಂದರು. ಅದಕ್ಕಾಗಿ ಶಿವಮೊಗ್ಗೆಗೆ ಹೋದೆವು. ಮೂತ್ರಕೋಶ ತುಂಬಿರಬೇಕೆಂದು ಲೀಟರಿಗೂ ಮಿಕ್ಕು ನೀರು ಕುಡಿಸಿ, ಬೆಂಚಿನ ಮೇಲೆ ಒಂದೂವರೆ ಗಂಟೆ ಕೂರಿಸಿದರು. ಆ ಬೆಂಚಿನ ಯಾತನೆಯನ್ನು ಬಲ್ಲ ಹೆಂಗಸರಿಗೆ ನಾನು ವರ್ಣಿಸಿ ಹೇಳಬೇಕಾದುದಿಲ್ಲ. ಕಡೆಗೆ ಬಂದ ವರದಿಯಲ್ಲಿ, ಕರುಳಿನ ವಾಯು ಅಡ್ಡವಾದ್ದರಿಂದ ಗರ್ಭಕೋಶದ ಒಳಪದರವನ್ನು ಸ್ಪಷ್ಟವಾಗಿ ಅಳೆಯಲಾಗಲಿಲ್ಲವೆಂದೂ, ‘ಟಿ.ವಿ.ಎಸ್.’ ಮಾಡಿಸಬಹುದೆಂದೂ ಇದ್ದಿತು. ನಮ್ಮ ಕಡೆ ಈ ಮೂರಕ್ಷರಕ್ಕೆ ಹಾಲಿನವನು ಏರಿ ಬರುವ ಮೊಪೆಡ್ಡೆಂದೇ ಅರ್ಥ. ಅದು ಯೋನಿಮಾರ್ಗದ ಮೂಲಕ ಮಾಡುವ ಸ್ಕ್ಯಾನಿನ ಹೆಸರಿನ ಮೊದಲಕ್ಷರಗಳೆಂದು ನನಗೆ ತಿಳಿದುದು, ಆ ಕೇಂದ್ರದ ಗುಮಾಸ್ತನು ಹತ್ತಾರು ಜನ ಕುಳಿತಿದ್ದ ಹಜಾರದಲ್ಲಿ ದೊಡ್ಡ ದನಿಯಿಂದ, “ಒಳಗಿನಿಂದ ಮಾಡಬೇಕಂತೆ ಸಾರ್, ನೀವು ಒಪ್ಪುತ್ತೀರಾ?” ಎಂದು ಕೇಳಿದಾಗ.

ಕೇಳಿದ್ದು ನನ್ನನ್ನು! ‘ಕೇಳಬೇಕಾದವರು ಅವರು’ ಎಂದು ನಾನು ಆಕೆಯ ಕಡೆ ಕೈತೋರಿಸಿದೆನು. ಅಷ್ಟರಲ್ಲಿ ಆಕೆಯು ಚೀಲವನ್ನೆತ್ತಿಕೊಂಡು ಬೀದಿಗಿಳಿದಿದ್ದಳು.

ಬಸ್ಸಿನಲ್ಲಿ ಬಹಳ ಹೊತ್ತು ಮಾತಿಲ್ಲ. ಆನಂದಪುರ ದಾಟಿದ ಮೇಲೆ, ಕಿಟಕಿಯ ಹೊರಗೆ ನೋಡುತ್ತಲೇ ಆಕೆ ಹೇಳಿದಳು: “ಎರಡು ಹೆತ್ತವಳಿಗೆ ಇನ್ನೇನು ನಾಚಿಕೆ ಅಂತ ಎಲ್ಲರೂ ಹೇಳುತ್ತಾರೆ ನೋಡಿ. ಹೆರುವಾಗ ನನ್ನನ್ನು ಕೇಳಿದವರಿರಲಿಲ್ಲ, ನಾನು ಹೇಳುವ ಸ್ಥಿತಿಯಲ್ಲಿಯೂ ಇರಲಿಲ್ಲ. ಈಗ ಕೇಳುತ್ತಿದ್ದಾರೆ. ಯೋಚಿಸಿ ಹೇಳುತ್ತೇನೆ.”

ಆ ವಾರ ಉಪದೇಶಗಳ ಸುಗ್ಗಿ. ನನ್ನ ಅತ್ತಿಗೆಯವರು, ‘ಆ ಚೀಲ ಇನ್ನು ಯಾವ ಕೆಲಸಕ್ಕೆ? ತೆಗೆಸಿಬಿಡು, ತಂಟೆಯೇ ಇರುವುದಿಲ್ಲ’ ಎಂದರು. ರೋಗವೇನೆಂದು ನೋಡುವುದಕ್ಕೆ ಮುಂಚೆ ಅಂಗವನ್ನೇ ತೆಗೆದುಬಿಡುವ ಈ ಪದ್ಧತಿ ನಮ್ಮ ದೇಶದಲ್ಲಿ ಎಷ್ಟು ಬೆಳೆದಿತ್ತೆಂದರೆ, ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಮಾರ್ಗಸೂಚಿಗಳನ್ನು ರಾಜ್ಯಗಳು ಅನುಸರಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು ೨೦೨೩ರಲ್ಲಿ ಆಜ್ಞೆ ಮಾಡಬೇಕಾಯಿತು. ಬೆಂಗಳೂರಿನಲ್ಲಿರುವ ಮಗಳು ಫೋನಿನಲ್ಲಿ, ‘ಅಮ್ಮ, ಹದಿನೈದು ನಿಮಿಷದ ಕೆಲಸ, ಅದಕ್ಕೆ ಇಷ್ಟು ಯೋಚನೆಯೇ?’ ಎಂದಳು. ಕಾಲದ ಪ್ರಮಾಣದಲ್ಲಿ ಅವಳ ಲೆಕ್ಕ ಸರಿಯೇ. ಆದರೆ ಹದಿನೈದು ನಿಮಿಷದಲ್ಲಿ ಮುಗಿಯುವುದೆಲ್ಲವೂ ಹಗುರವಾಗಿರಬೇಕೆಂಬ ನಿಯಮವಿಲ್ಲ.

ನಾನು ನನ್ನ ಅಭ್ಯಾಸದಂತೆ ಪುಸ್ತಕಗಳನ್ನು ತೆರೆದೆನು. ಅಮರಸಿಂಹನು ಲಜ್ಜೆಗೆ ಪರ್ಯಾಯಪದಗಳನ್ನು ಕೊಟ್ಟು, ಅಲ್ಲಿಯೇ ‘ಅಪತ್ರಪಾ’ ಎಂಬ ಇನ್ನೊಂದು ಪದವನ್ನು ಬೇರೆಯಾಗಿ ಇಟ್ಟಿದ್ದಾನೆ. ಅದು ಇತರರ ನಿಮಿತ್ತದಿಂದ ಉಂಟಾಗುವ ನಾಚಿಕೆ. ಹುಡುಗರಿಗೆ ಈ ಭೇದವನ್ನು ವರ್ಷವರ್ಷವೂ ಬಾಯಿಪಾಠ ಮಾಡಿಸಿದ್ದೆನು. ಅದರ ಪ್ರಯೋಜನ ಶಿವಮೊಗ್ಗೆಯ ಆ ಹಜಾರದಲ್ಲಿ ಕಂಡಿತು. ತನ್ನ ದೇಹವನ್ನು ಅಪರಿಚಿತರ ಮುಂದೆ ತೆರೆಯುವಾಗ ಒಳಗಿನಿಂದ ಹುಟ್ಟುವ ಲಜ್ಜೆ ಒಂದು. ಗುಮಾಸ್ತನು ಕೂಗಿ ಹುಟ್ಟಿಸಿದ್ದು ಮತ್ತೊಂದು. ಮೊದಲನೆಯದನ್ನು ತಾಳಿಕೊಳ್ಳುವುದೋ ಬಿಡುವುದೋ ಆಕೆಗೆ ಸೇರಿದ ಮಾತು. ಎರಡನೆಯದನ್ನು ಯಾವ ಹೆಂಗಸೂ ತಾಳಬೇಕಾದುದಿಲ್ಲ. ಅದನ್ನು ನಿವಾರಿಸುವುದು ಆಸ್ಪತ್ರೆಯವರ ಕೆಲಸ, ಜೊತೆಯಲ್ಲಿ ಹೋದವರ ಕೆಲಸ. ಇದನ್ನು ಆಕೆಗೆ ಹೇಳಿದೆನು. “ಅದಕ್ಕೂ ಬೇರೆ ಹೆಸರಿದೆಯೇ?” ಎಂದು ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದಳು.

ಆ ಉತ್ಸಾಹದಲ್ಲಿ ವಾಗ್ಭಟನನ್ನೂ ತೆರೆದು, ಅಷ್ಟಾಂಗಹೃದಯದ ಯಂತ್ರಾಧ್ಯಾಯದಲ್ಲಿ ‘ಯೋನಿವ್ರಣೇಕ್ಷಣ’ವೆಂಬ, ಹದಿನಾರು ಅಂಗುಲ ಉದ್ದದ, ನಡುವೆ ಪೊಳ್ಳಾದ ಯಂತ್ರವನ್ನು ವರ್ಣಿಸಿರುವುದನ್ನು ತೋರಿಸಿದೆನು. ಒಳಗಣ ಪರೀಕ್ಷೆಯು ಪರದೇಶದಿಂದ ನಿನ್ನೆ ಬಂದುದಲ್ಲ, ನಮ್ಮ ಪೂರ್ವಿಕ ವೈದ್ಯರೂ ಅದನ್ನು ಬಲ್ಲವರಾಗಿದ್ದರು ಎಂಬುದು ನನ್ನ ಅಭಿಪ್ರಾಯ. ಆಕೆಗೆ ಅದರಿಂದ ಯಾವ ಸಮಾಧಾನವೂ ಆಗಲಿಲ್ಲ. “ಹದಿನಾರು ಅಂಗುಲವೇ! ಬರೆದ ಮಹಾನುಭಾವರು ತಾವು ಮಲಗಿ ನೋಡಿರಲಾರರು” ಎಂದುಬಿಟ್ಟಳು.

ಮುಂದಿನ ಸೋಮವಾರ ಆಕೆಯು ಕ್ಯಾಲೆಂಡರಿನ ಹಳೆಯ ಹಾಳೆಯ ಬೆನ್ನಿಗೆ ತನ್ನ ಪ್ರಶ್ನೆಗಳನ್ನು ಬರೆದುಕೊಂಡು ಲೇಡಿ ಡಾಕ್ಟರ ಬಳಿಗೆ ಹೊರಟಳು. ನಾನೂ ಒಳಗೆ ಬರಲೇ ಎಂದು ಕೇಳಿದೆನು, ಬನ್ನಿ ಎಂದಳು. ಮೂವತ್ತನಾಲ್ಕು ವರ್ಷ ಪ್ರಶ್ನಪತ್ರಿಕೆಗಳನ್ನು ಸಿದ್ಧಮಾಡಿದ ನನಗೆ ಅಷ್ಟು ಚೊಕ್ಕವಾದ ಪ್ರಶ್ನೆಗಳು ಹೊಳೆದಿರಲಿಲ್ಲ.

ಒಳಗೆ ಹೋಗುವುದು ಏನು, ಎಷ್ಟು ದಪ್ಪ? ಡಾಕ್ಟರು ತಮ್ಮ ಎರಡು ಬೆರಳುಗಳನ್ನು ಜೋಡಿಸಿ ತೋರಿಸಿ, ಹೆಚ್ಚುಕಡಮೆ ಇಷ್ಟು, ಅದೂ ತುದಿಯ ಕೆಲವು ಅಂಗುಲ ಮಾತ್ರ ಒಳಗೆ ಹೋಗುತ್ತದೆ ಎಂದರು. ಅದಕ್ಕೆ ಪ್ರತಿಯೊಬ್ಬರಿಗೂ ಹೊಸ ರಬ್ಬರಿನ ಹೊದಿಕೆ ಹಾಕಿ, ಜಾರುವಂತೆ ಲೋಳೆಯನ್ನು ಸವರುತ್ತಾರೆ. ಒಬ್ಬರದು ಮುಗಿದ ಮೇಲೆ ಕ್ರಿಮಿನಾಶಕದಿಂದ ಶುದ್ಧಮಾಡುತ್ತಾರೆ. ರಬ್ಬರು ಮೈಗೆ ಒಗ್ಗದಿದ್ದರೆ ಮೊದಲೇ ಹೇಳಬೇಕು. ನೀರು ಕುಡಿದು ಕೂರುವ ಶಿಕ್ಷೆ ಇದಕ್ಕಿಲ್ಲ. ಮೂತ್ರಕೋಶ ಬರಿದಾಗಿಯೇ ಇರಬೇಕು. ರಕ್ತ ಕಾಣುತ್ತಿದ್ದರೂ ಮಾಡಬಹುದು. ನೋವು? “ಒತ್ತಿದಂತೆ ಆಗುತ್ತದೆ. ನಿಮ್ಮ ವಯಸ್ಸಿನಲ್ಲಿ ಒಣಗಿರುವುದರಿಂದ ಕೆಲವರಿಗೆ ಉರಿಯೂ ಆಗುತ್ತದೆ. ಆಗುವುದಿಲ್ಲವೆಂದು ನಾನು ಹೇಳುವುದಿಲ್ಲ” ಎಂದರು. ಈ ಕಡೆಯ ವಾಕ್ಯದಿಂದ ಆಕೆಗೆ ಆ ಡಾಕ್ಟರಲ್ಲಿ ವಿಶ್ವಾಸ ಬೆಳೆಯಿತೆಂಬುದು ನನಗೆ ಮುಖದಲ್ಲಿಯೇ ಕಂಡಿತು.

ಕ್ಷಕಿರಣವೇನಾದರೂ ಇದೆಯೇ ಎಂಬುದು ಮುಂದಿನ ಪ್ರಶ್ನೆ. ಇಲ್ಲ, ಇದು ಬರಿಯ ಶಬ್ದ. ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು ೨೦,೦೦೦ ಕಂಪನಗಳವರೆಗೆ ಕೇಳಿಸುತ್ತದೆ. ಹೊಟ್ಟೆಯ ಮೇಲಿನಿಂದ ನೋಡುವಾಗ ಸುಮಾರು ಮೂವತ್ತೈದು ಲಕ್ಷ ಕಂಪನಗಳ ಶಬ್ದವನ್ನು ಕಳುಹಿಸುತ್ತಾರೆ. ಒಳಗಿನಿಂದ ನೋಡುವಾಗ ಅದರ ಇಮ್ಮಡಿಯಷ್ಟು. ಕಂಪನ ಹೆಚ್ಚಿದಷ್ಟೂ ಚಿತ್ರವು ಸೂಕ್ಷ್ಮವಾಗುತ್ತದೆ, ಆದರೆ ಆ ಶಬ್ದ ದೂರ ಹೋಗಲಾರದು. ಆದ್ದರಿಂದ ಹತ್ತಿರ ಹೋಗಿಯೇ ಕೇಳಬೇಕು. ಹಿಂದಿನ ಬೆಂಚಿನ ಹುಡುಗನು ಗುಣುಗುಣು ಎಂದು ಶ್ಲೋಕ ಒಪ್ಪಿಸುವಾಗ, ತಪ್ಪು ಎಲ್ಲಿದೆಯೆಂದು ತಿಳಿಯಲು ನಾನು ಕುರ್ಚಿ ಬಿಟ್ಟು ಅವನ ಬಳಿಗೆ ಹೋಗಿ ನಿಲ್ಲುತ್ತಿದ್ದಂತೆಯೇ ಇದು.

ಈ ವಿದ್ಯೆಯ ಹುಟ್ಟಿನ ಕಥೆಯೂ ಸೊಗಸಾದುದು. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಇಯಾನ್ ಡೊನಾಲ್ಡ್ ಎಂಬ ಪ್ರಸೂತಿವೈದ್ಯರು, ೧೯೫೫ರಲ್ಲಿ, ಹೆಂಗಸರ ಶರೀರದಿಂದ ತೆಗೆದ ಗಡ್ಡೆಗಳನ್ನು ಕಾರ್ಖಾನೆಯೊಂದಕ್ಕೆ ಒಯ್ದು, ಲೋಹದಲ್ಲಿನ ಬಿರುಕುಗಳನ್ನು ಹುಡುಕುವ ಶಬ್ದಯಂತ್ರದಿಂದ ಪರೀಕ್ಷಿಸಿದರು. ಗಟ್ಟಿ ಗಡ್ಡೆಯ ಪ್ರತಿಧ್ವನಿ ಒಂದು ಬಗೆ, ನೀರು ತುಂಬಿದ ಗಡ್ಡೆಯದು ಮತ್ತೊಂದು ಬಗೆ. ೧೯೫೮ರಲ್ಲಿ ಅವರೂ ಅವರ ಜೊತೆಗಾರರೂ ಇದನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಶಸ್ತ್ರಚಿಕಿತ್ಸೆಗೂ ಮೀರಿದ ಜಠರದ ಕ್ಯಾನ್ಸರೆಂದು ವೈದ್ಯರು ಕೈಬಿಟ್ಟಿದ್ದ ಒಬ್ಬ ಹೆಂಗಸಿನಲ್ಲಿ, ಇದ್ದದ್ದು ಅಂಡಾಶಯದ ದೊಡ್ಡ ನೀರುಗಡ್ಡೆಯೆಂದು ಆ ಯಂತ್ರ ತೋರಿಸಿಕೊಟ್ಟಿತು. ಅದನ್ನು ತೆಗೆದರು, ಆಕೆ ಬದುಕಿದಳು. ವಾಗ್ಭಟನಿಗೆ ಒಲಿಯದಿದ್ದ ನನ್ನ ಮನೆಯಾಕೆ ಈ ಕಥೆಯನ್ನು ಎರಡು ಸಲ ಹೇಳಿಸಿಕೊಂಡಳು.

ಹಾಳೆಯ ಕಡೆಯಲ್ಲಿದ್ದ ಪ್ರಶ್ನೆ ಹೀಗಿತ್ತು: ‘ಮಾಡಿಸದಿದ್ದರೆ?’

ಡಾಕ್ಟರು ಬರೆಯುತ್ತಿದ್ದುದನ್ನು ನಿಲ್ಲಿಸಿ, ಆಕೆಯ ಕಡೆಗೆ ತಿರುಗಿ ಕುಳಿತರು. “ಮಾಡಿಸದಿರಬಹುದು. ಯಾರೂ ಬಲವಂತ ಮಾಡುವಂತಿಲ್ಲ. ಆಗ ಎರಡು ದಾರಿಗಳಿವೆ. ಸುಮ್ಮನಿದ್ದುಬಿಡುವುದು ಒಂದು, ಅದನ್ನು ನಾನು ಒಪ್ಪಲಾರೆ. ನೇರವಾಗಿ ಒಳಪದರದ ಚೂರನ್ನು ತೆಗೆದು ಪರೀಕ್ಷೆಗೆ ಕಳುಹಿಸುವುದು ಇನ್ನೊಂದು. ಅದು ಒಪ್ಪಿಗೆಯಾದ ಕ್ರಮವೇ. ಆದರೆ ಅದೂ ಒಳಗಿನಿಂದಲೇ ಆಗಬೇಕು, ಇದಕ್ಕಿಂತ ನೋವು ಹೆಚ್ಚು. ಸ್ಕ್ಯಾನಿನಲ್ಲಿ ಒಳಪದರವು ನಾಲ್ಕು ಮಿಲಿಮೀಟರು ಅಥವಾ ಅದಕ್ಕೂ ತೆಳುವಾಗಿ ಕಂಡರೆ, ಕ್ಯಾನ್ಸರ್ ಇರುವ ಸಂಭವ ನೂರರಲ್ಲಿ ಒಂದಕ್ಕೂ ಕಡಮೆ; ಆಗ ಚೂರು ತೆಗೆಯುವುದನ್ನು ಬಿಡಬಹುದು. ಅದಕ್ಕಿಂತ ದಪ್ಪವಾಗಿದ್ದರೆ ತೆಗೆಯಬೇಕು. ದಪ್ಪ ಕಂಡ ಮಾತ್ರಕ್ಕೆ ಕ್ಯಾನ್ಸರೆಂದೂ ಅಲ್ಲ.”

ಅಲ್ಲಿಯವರೆಗೆ ಆಕೆಯ ಮನಸ್ಸಿನಲ್ಲಿ ಸ್ಕ್ಯಾನೆಂಬುದು ಮುಂದೆ ಬರತಕ್ಕ ದೊಡ್ಡ ದೊಡ್ಡ ಕಷ್ಟಗಳ ಮೊದಲ ಮೆಟ್ಟಿಲಾಗಿತ್ತು. ಅದು ಕಷ್ಟವನ್ನು ತಪ್ಪಿಸಲೂಬಹುದೆಂಬ ಅಂಶವು ಹೊಸದಾಗಿ ತೋರಿತು. ಒಂದು ಪರೀಕ್ಷೆಯಿಂದ ಮುಂದೆ ನಡೆಯುವುದರಲ್ಲಿ ಏನು ಬದಲಾಗುತ್ತದೆ ಎಂಬುದನ್ನು ಹೇಳದೆ ‘ಮಾಡಿಸಿ’ ಎಂದಷ್ಟೇ ಹೇಳುವವರು ರೋಗಿಯ ವಿವೇಕಕ್ಕೆ ಏನನ್ನೂ ಕೊಟ್ಟಂತಾಗುವುದಿಲ್ಲ. ಆ ಕೇಂದ್ರದವರು ಕೊಟ್ಟಿರಲಿಲ್ಲ. ಈ ಡಾಕ್ಟರು ಕೊಟ್ಟರು.

ಒಪ್ಪಿಗೆಯ ವಿಷಯವಾಗಿ ಇಲ್ಲಿ ಒಂದು ಮಾತನ್ನು ಸೇರಿಸಬೇಕು. ೨೦೦೮ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ದೆಹಲಿಯ ಒಂದು ಮೊಕದ್ದಮೆ ಬಂದಿತ್ತು. ನಲವತ್ತನಾಲ್ಕು ವರ್ಷದ ಅವಿವಾಹಿತ ಸ್ತ್ರೀಯೊಬ್ಬರು ರೋಗಕಾರಣವನ್ನು ಕಂಡುಹಿಡಿಯುವ ಪರೀಕ್ಷೆಗೆ ಒಪ್ಪಿ ಮೂರ್ಛೆಯ ಔಷಧವನ್ನು ತೆಗೆದುಕೊಂಡಿದ್ದಾಗ, ಹೊರಗಿದ್ದ ತಾಯಿಯ ಒಪ್ಪಿಗೆಯನ್ನು ಪಡೆದು ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದುಬಿಟ್ಟಿದ್ದರು. ಪ್ರಾಣಾಪಾಯದ ತುರ್ತಿಲ್ಲದಿರುವಾಗ ಆ ಒಪ್ಪಿಗೆ ಸಲ್ಲದೆಂದೂ, ಪರೀಕ್ಷೆಗೆ ಕೊಟ್ಟ ಒಪ್ಪಿಗೆಯು ಚಿಕಿತ್ಸೆಗೆ ಒಪ್ಪಿಗೆಯಾಗದೆಂದೂ ನ್ಯಾಯಾಲಯವು ತೀರ್ಮಾನಿಸಿತು. ಹೆತ್ತ ತಾಯಿಯ ರುಜುವಿಗೇ ಸಲ್ಲದ ಅಧಿಕಾರ ತಾಳಿ ಕಟ್ಟಿದವನ ರುಜುವಿಗೆ ಎಲ್ಲಿಂದ ಬರಬೇಕು? ಅದನ್ನು ಬಲ್ಲ ಗಂಡಂದಿರು ವಿರಳ. ಬಲ್ಲ ಗುಮಾಸ್ತರು ಇನ್ನೂ ವಿರಳ.

ಒಳಗಿನ ಸ್ಕ್ಯಾನು ಎಲ್ಲರಿಗೂ ಬೇಕೆಂದು ಇದರಿಂದ ಯಾರೂ ತಿಳಿಯಬಾರದು. ನನ್ನ ಅಣ್ಣನ ಮೊಮ್ಮಗಳು ಇಪ್ಪತ್ತರ ಹುಡುಗಿ, ಅವಿವಾಹಿತೆ. ಮುಟ್ಟು ಕ್ರಮತಪ್ಪಿ, ಮುಖದಲ್ಲಿ ಕೂದಲು ಹೆಚ್ಚಾಗಿ, ಪಿ.ಸಿ.ಓ.ಎಸ್. ಎಂದು ಹೇಳಿಸಿಕೊಂಡಳು. ಈ ಎರಡು ಲಕ್ಷಣಗಳೂ ಕೂಡಿದ್ದು, ಬೇರೆ ಕಾರಣಗಳಿಲ್ಲವೆಂದು ರಕ್ತಪರೀಕ್ಷೆಯಿಂದ ಕಂಡರೆ, ರೋಗನಿರ್ಣಯಕ್ಕೆ ಸ್ಕ್ಯಾನಿನ ಅಗತ್ಯವೇ ಇಲ್ಲವೆಂದೂ, ಹದಿಹರೆಯದವರಲ್ಲಿ ಈ ಕಾರಣಕ್ಕಾಗಿ ಸ್ಕ್ಯಾನ್ ಮಾಡುವುದು ತಕ್ಕುದಲ್ಲವೆಂದೂ ೨೦೨೩ರ ಅಂತರರಾಷ್ಟ್ರೀಯ ಮಾರ್ಗಸೂಚಿಯು ಹೇಳುತ್ತದೆ. ಇನ್ನಾವುದಾದರೂ ಕಾರಣದಿಂದ ನೋಡಲೇಬೇಕಾದರೂ ಇಂಥ ಹುಡುಗಿಯರಿಗೆ ಸಾಮಾನ್ಯವಾಗಿ ಹೊಟ್ಟೆಯ ಮೇಲಿನಿಂದಲೇ ನೋಡುತ್ತಾರೆ. ಇನ್ನು ನೆರೆಮನೆಯ ನಿವೃತ್ತ ಬ್ಯಾಂಕಿನವರು, ಯಾವ ಬಾಧೆಯೂ ಇಲ್ಲದ ತಮ್ಮ ಪತ್ನಿಗೆ ‘ಪ್ಯಾಕೇಜಿನಲ್ಲಿ ಸೇರಿದೆ’ ಎಂದು ಇದನ್ನು ಮಾಡಿಸಲು ಹೊರಟಿದ್ದರು. ಬ್ರಿಟನ್ನಿನಲ್ಲಿ ೨೦೦೧ರಿಂದ ೨೦೦೫ರವರೆಗೆ, ಮುಟ್ಟು ನಿಂತ ಎರಡು ಲಕ್ಷಕ್ಕೂ ಮಿಕ್ಕ ಸ್ತ್ರೀಯರನ್ನು ಸೇರಿಸಿಕೊಂಡು, ಒಂದು ಗುಂಪಿಗೆ ವರ್ಷಕ್ಕೊಮ್ಮೆ ಈ ಸ್ಕ್ಯಾನನ್ನೂ ಇನ್ನೊಂದಕ್ಕೆ ರಕ್ತಪರೀಕ್ಷೆಯನ್ನೂ ಮಾಡುತ್ತ ಬಂದು ನೋಡಿದರು. ಅಂಡಾಶಯದ ಕ್ಯಾನ್ಸರಿನಿಂದಾಗುವ ಮರಣಗಳು ಇದರಿಂದ ತಗ್ಗಲಿಲ್ಲವೆಂಬ ಫಲಿತಾಂಶವು ೨೦೨೧ರಲ್ಲಿ ಪ್ರಕಟವಾಯಿತು. ಬ್ಯಾಂಕಿನವರಿಗೆ ಅಂಕಿಗಳಲ್ಲಿ ಗೌರವವುಂಟು. ಪತ್ನಿಯ ಹೆಸರನ್ನು ಹಿಂದಕ್ಕೆ ತೆಗೆದುಕೊಂಡರು.

ಮನೆಯಾಕೆಯು ಮೂರನೆಯ ದಿನ ಬೆಳಿಗ್ಗೆ ದೋಸೆ ಹೊಯ್ಯುತ್ತ, ‘ಮಾಡಿಸುತ್ತೇನೆ’ ಎಂದಳು. ಆದರೆ ಆ ಹಳೆಯ ಜಾಗ ಬೇಡ. ಹೆಂಗಸೇ ಮಾಡಬೇಕು. ಒಳಗೆ ತಂಗಿ ಇರಬೇಕು, ನಾನು ಹೊರಗೆ. ಯಂತ್ರವನ್ನು ಸೇರಿಸುವುದಾದರೆ ತನ್ನ ಕೈಯಿಂದಲೇ ಸೇರಿಸಿಕೊಳ್ಳಬೇಕು. ನಿಲ್ಲಿಸಿ ಎಂದರೆ ನಿಲ್ಲಿಸಬೇಕು. ಈ ಷರತ್ತುಗಳನ್ನು ಫೋನಿನಲ್ಲಿ ಕೇಳಿ ಗೊತ್ತುಮಾಡುವ ಕೆಲಸ ನನ್ನ ಪಾಲಿಗೆ ಬಂದಿತು. ಒಂದು ಕಡೆ ನಕ್ಕರು; ಇನ್ನೊಂದು ಕಡೆ ‘ಹೆಂಗಸರು ಇಲ್ಲ’ ಎಂದರು; ಮೂರನೆಯ ಕಡೆ, ‘ಆಗಲಿ, ಬಹಳ ಮಂದಿ ಹೀಗೆ ಕೇಳುತ್ತಾರೆ’ ಎಂದು ಬುಧವಾರ ಹತ್ತು ಗಂಟೆಗೆ ಬರಹೇಳಿದರು.

ಅಲ್ಲಿಯ ಹಜಾರದಲ್ಲಿಯೂ ಬೆಂಚುಗಳೇ. ಗೋಡೆಯ ಮೇಲೆ, ಭ್ರೂಣದ ಲಿಂಗವನ್ನು ಇಲ್ಲಿ ತಿಳಿಸುವುದಿಲ್ಲ, ಅದು ದಂಡಾರ್ಹ ಅಪರಾಧ ಎಂಬ ಫಲಕ. ೧೯೯೪ರ ಕಾಯಿದೆಯಿಂದ ಬಂದ ಈ ಫಲಕವನ್ನು ನಾನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಆರೇಳು ಸಲ ಓದಿ, ಕನ್ನಡದಲ್ಲಿದ್ದ ಒಂದು ಕಾಗುಣಿತದ ದೋಷವನ್ನು ಮನಸ್ಸಿನಲ್ಲಿಯೇ ತಿದ್ದಿದೆನು. ಅಷ್ಟರಲ್ಲಿ ಇಪ್ಪತ್ತು ನಿಮಿಷ ಕಳೆಯಿತು.

ಒಳಗೆ ನಡೆದುದನ್ನು ಆಕೆ ಹೇಳಿದಷ್ಟೇ ಬಲ್ಲೆ. ಸೊಂಟದಿಂದ ಕೆಳಗೆ ದುಪ್ಪಟಿ ಹೊದಿಸಿದ್ದರಂತೆ. ಡಾಕ್ಟರು ತಾವು ಮಾಡುವುದನ್ನು ಮೊದಲು ಹೇಳಿ, ‘ಮಾಡಲೇ?’ ಎಂದು ಕೇಳಿ, ಆಮೇಲೆ ಮಾಡಿದರಂತೆ. ಒಂದು ಕಡೆ ಒತ್ತಿದಾಗ ಉರಿಯಾಗಿ ‘ತಾಳಿ’ ಎಂದಳಂತೆ; ಅವರು ಕೈ ನಿಲ್ಲಿಸಿ ಕಾದರಂತೆ. “ಆ ‘ತಾಳಿ’ಯನ್ನು ಅವರು ಕೇಳಿದರು ನೋಡಿ, ಆಮೇಲೆ ಅಷ್ಟು ಹೆದರಿಕೆಯಾಗಲಿಲ್ಲ” ಎಂದು ಆಕೆ ಹೇಳಿದಳು. ತೆರೆಯ ಮೇಲೆ ತನ್ನ ಗರ್ಭಕೋಶವನ್ನು ನೋಡಿದಳಂತೆ. ಎರಡು ಮಕ್ಕಳನ್ನು ಹೊತ್ತದ್ದು ಇಷ್ಟು ಸಣ್ಣದೇ ಎನ್ನಿಸಿತಂತೆ.

ಒಳಪದರ ೩.೨ ಮಿಲಿಮೀಟರು. ಸಾಗರದ ಡಾಕ್ಟರು ವರದಿಯನ್ನು ನೋಡಿ, ಇದು ಪದರಗಳು ಒಣಗಿದ್ದರಿಂದ ಆದದ್ದೆಂದು ಒಂದು ಮುಲಾಮನ್ನು ಬರೆದುಕೊಟ್ಟರು. ಹಾಗೆಯೇ, ಅಂಕಿ ಎಷ್ಟೇ ಚೆನ್ನಾಗಿದ್ದರೂ ಮತ್ತೆ ರಕ್ತ ಕಂಡರೆ ಬರಬೇಕೆಂದೂ, ಆಗ ಒಳಪದರದ ಚೂರನ್ನು ತೆಗೆದು ನೋಡುವುದೇ ಸರಿಯೆಂದೂ ಎಚ್ಚರಿಕೆ ಹೇಳಿದರು. ಆಕೆಯು ಮನೆಗೆ ಬಂದು, ಒಂಟಿಕೊಪ್ಪಲು ಪಂಚಾಂಗದ ಅಂಚಿನಲ್ಲಿ ಅಂದಿನ ತಿಥಿಯ ಮಗ್ಗುಲಿಗೆ ‘೩.೨’ ಎಂದು ಬರೆದಿಟ್ಟಳು. ಇದನ್ನು ಬರೆಯುವವರೆಗೆ ಮತ್ತೆ ರಕ್ತ ಕಂಡಿಲ್ಲ.

ಜೊತೆಗೆ ಬಂದಿದ್ದ ತಂಗಿಯ ಕೈಯಲ್ಲಿಯೂ ಸಾಗರದ ಡಾಕ್ಟರಿಂದ ಬಂದ ಒಂದು ಚೀಟಿ ಇದ್ದಿತು. ಎರಡು ವರ್ಷಗಳಿಂದ ತಿಂಗಳು ತಿಂಗಳೂ ಹತ್ತು ಹನ್ನೆರಡು ದಿನ ರಕ್ತ ಹೋಗುತ್ತಿದ್ದುದನ್ನು ಅವಳು ಆ ದಿನವೇ, ಅಕ್ಕನ ವರದಿಯ ಮಾತು ಮುಗಿದ ಮೇಲೆ, ಬಾಗಿಲ ಬಳಿ ನಿಂತು ಹೇಳಿದಳಂತೆ. ಅವಳ ಪರೀಕ್ಷೆಯ ದಿನ ಒಳಗೆ ಜೊತೆಗಿರುವವರು ಯಾರೆಂಬುದನ್ನು ಅಕ್ಕತಂಗಿಯರು ನನ್ನನ್ನು ಕೇಳದೆ ಬಸ್ಸಿನಲ್ಲಿಯೇ ಗೊತ್ತುಮಾಡಿಕೊಂಡರು.